ಪಾರ್ಕಿನ ಸಸಿ ಎರಡು ಬೇಸಿಗೆ ದಾಟಬೇಕಾದರೆ

ತುಮಕೂರಿನ ಅಮಾನಿಕೆರೆ ಪಾರ್ಕಿನಂಥ, ಬೆಳಗ್ಗೆ ಸಂಜೆ ಜನ ತುಂಬುವ ಜಾಗದಲ್ಲಿ ಸಂಘ ಕಟ್ಟಿಕೊಂಡು ಗಿಡ ಬೆಳೆಸುವುದಾದರೆ ಗುದ್ದಲಿ ಹಿಡಿಯುವ ಮುಂಚೆ ಒಂದು ಕಾಗದ ಬೇಕು. ಜಾಗ ಪಾಲಿಕೆಯದೋ, ನಗರಾಭಿವೃದ್ಧಿ ಪ್ರಾಧಿಕಾರದ್ದೋ, ತೋಟಗಾರಿಕೆ ಇಲಾಖೆಯದೋ ವಿಚಾರಿಸಿ, ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಗೆ ವರ್ಗವಾದ ದಿನವೇ ಮುಗಿಯುತ್ತದೆ. ಏಳು ಜನರಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು. ಪತ್ರಕ್ಕೆ ತೂಕ ಬರುತ್ತದೆ. ಹಳೇ ಮರ ಕಡಿಯುವ ಮಾತು ಬಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇದೆಯೇ ಎಂದು ಕೇಳಿ.

ವಿಶ್ವ ಪರಿಸರ ದಿನವಾದ ಜೂನ್ 5 ಫೋಟೋಗೆ ಒಳ್ಳೆಯ ದಿನ, ಸಸಿಗೆ ಅಲ್ಲ. ಈ ಕಡೆ ಮೃಗಶಿರ ಮಳೆ ಹನಿಸಿ ಹೋದ ಮೇಲೆ ವಾರಗಟ್ಟಲೆ ಬಿಸಿಲು ಬೀಳುವುದುಂಟು. ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗುಂಡಿಯನ್ನು ಮೇನಲ್ಲೇ ತೆಗೆದು ಬಿಸಿಲಿಗೆ ಬಿಡಿ, ನೆಲ ಒಂದಡಿ ಆಳ ನೆನೆದ ಮೇಲೆ ನೆಡಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಗರಸು ಸಿಕ್ಕರೆ ಹಾರೆಯಿಂದ ತಳ ಒಡೆಯಿರಿ; ಇಲ್ಲದಿದ್ದರೆ ಅದು ಹೂಕುಂಡವೇ ಸರಿ, ಬೇರು ಅಲ್ಲೇ ಸುತ್ತುತ್ತದೆ. ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕೊಳೆತ ಗೊಬ್ಬರ ಒಂದು ಪಾಲು, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕೂಗಿ ಕರೆದಂತೆ. ಪಾಲಿಥೀನ್ ಚೀಲ ಪೂರ್ತಿ ಹರಿದು ತೆಗೆಯಿರಿ. ಚೀಲದಲ್ಲಿ ಮಣ್ಣು ಎಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡ ಹೂತರೆ ತೊಗಟೆ ಕೊಳೆಯುತ್ತದೆ.

ಪಾರ್ಕಿಗೆ ಐದಾರಡಿ ಎತ್ತರದ ಸಸಿಯೇ ಬೇಕು, ಗಿಡ್ಡದ್ದು ಮಕ್ಕಳ ಕಾಲಿಗೆ ಹೋಗುತ್ತದೆ. ಹೊಂಗೆ, ಬೇವು, ನೇರಳೆ, ಹಿಪ್ಪೆ, ಕಕ್ಕೆ ಈ ಮಣ್ಣಿಗೆ ಒಗ್ಗಿದವು. ಹಕ್ಕಿಗಳಿಗೆ ಅತ್ತಿ, ಬಸರಿ. ಆದರೆ ಕಟ್ಟಡದಿಂದ ದೂರ. ಕೆರೆ ಏರಿಯ ಮೇಲೆ ದೊಡ್ಡ ಮರ ಬೇಡವೇ ಬೇಡ: ಸತ್ತ ಬೇರು ಬಿಟ್ಟ ಪೊಳ್ಳಿನಲ್ಲಿ ನೀರು ಜಿನುಗಿ ಏರಿ ಸಡಿಲವಾಗುತ್ತದೆ. ಚಿಟ್ಟೆಗೆ ಕರಿಬೇವು, ನಿಂಬೆ, ಎಕ್ಕ ಸಾಕು. ಮರಿಹುಳು ಎಲೆ ತಿಂದರೆ ಔಷಧಿ ಹೊಡೆಯಬೇಡಿ, ನೆಟ್ಟದ್ದೇ ಅದಕ್ಕೆ.

ಫೆಬ್ರವರಿಯಿಂದ ಮೇವರೆಗೆ ವಾರಕ್ಕೆರಡು ಸಲ 15 ಲೀಟರ್ ನೀರು, ಎರಡು ಬೇಸಿಗೆ. ದಿನಾ ಒಂದು ಚೆಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಪಾತಿಗೆ ಮೂರಿಂಚು ತರಗೆಲೆ ಹೊದಿಸಿ, ಕಾಂಡಕ್ಕೆ ತಾಕಿಸಬೇಡಿ. ಉಳಿದ ಎಲೆಗೆ ಬೆಂಕಿ ಹಾಕದೆ, ಮೂರಡಿ ಆಳದ ಗುಂಡಿಯಲ್ಲಿ ಹಸಿ ಹುಲ್ಲಿನ ಜೊತೆ ಪದರ ಪದರವಾಗಿ ತುಂಬಿ ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ತಿರುವಿ. ನಾಲ್ಕೈದು ತಿಂಗಳಲ್ಲಿ ಗೊಬ್ಬರ.

ಮೂರನೇ ವರ್ಷ ಸಸಿಯ ಸುತ್ತ ಕಾವಲಿಗಿಟ್ಟ ಕಬ್ಬಿಣದ ಟ್ರೀಗಾರ್ಡ್ ಬಿಚ್ಚಿ. ಮರೆತರೆ ಕಬ್ಬಿಣ ತೊಗಟೆಯೊಳಗೆ ಇಳಿಯುತ್ತದೆ. ಹಳೇ ಮರಗಳ ಬುಡಕ್ಕೆ ಕಾಂಕ್ರೀಟ್ ಬಿಗಿದಿದ್ದರೆ ಸುತ್ತ ಮೂರಡಿ ಒಡೆಸಿ. ಅಲ್ಲಿ ಜೆಸಿಬಿ ಬಿಡಬೇಡಿ, ಬೇರು ಹರಿಯುತ್ತದೆ. ಕೈಕೆಲಸವೇ ಆಗಬೇಕು.

ಸಸಿ ಸತ್ತರೆ ಅದೇ ಗುಂಡಿಗೆ ಹೊಸದನ್ನು ತುರುಕಬೇಡಿ, ಕಿತ್ತು ಬೇರು ನೋಡಿ. ಸುರುಳಿ ಸುತ್ತಿದ್ದರೆ ನರ್ಸರಿಯಲ್ಲೇ ವಯಸ್ಸಾದ ಸಸಿ. ಕಪ್ಪಾಗಿ ನಾರುತ್ತಿದ್ದರೆ ನೀರು ನಿಂತಿದೆ. ಒಣಗಿ ಮುರಿದರೆ ನೀರಿನ ಪಾಳಿ ಯಾರದಿತ್ತು ಎಂದು ಪಾಳಿ ಬರೆದಿಟ್ಟ ಪುಸ್ತಕ ತೆಗೆಯಿರಿ.