ನೆಟ್ ಹೋದಾಗ ರೂಟರ್ ಮುಟ್ಟುವ ಮೊದಲು ಐಪಿ ಅಡ್ರೆಸ್ ಓದಿ

ನೆಟ್ ಹೋಯಿತು ಅಂದ ತಕ್ಷಣ ಎಲ್ಲರ ಕೈ ರೂಟರ್‌ನ ಸ್ವಿಚ್‌ಗೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಏನು ಕೆಟ್ಟಿತ್ತು ಅನ್ನುವ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಎರಡು ದಿನ ಬಿಟ್ಟು ಅದೇ ತೊಂದರೆ ಮತ್ತೆ ಬರುತ್ತದೆ. ನನ್ನ ಮೇಜಿನ ಮೇಲೆ ವಿಂಡೋಸ್, ಮ್ಯಾಕ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಮೂರೂ ಇವೆ. ಮೂರರಲ್ಲೂ ನಾನು ಮೊದಲು ಮಾಡುವ ಕೆಲಸ ಒಂದೇ. ಆ ಹೊತ್ತಿಗೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸದ ನಂಬರ್, ಏನಿದೆ ಅಂತ ನೋಡಿ ಚೀಟಿಯಲ್ಲಿ ಬರೆದಿಡುತ್ತೇನೆ.

ನೋಡುವುದು ಸುಲಭ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ /ಆಲ್' ಕೊಡಿ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಐಪಿ, ರೂಟರ್ ಎರಡೂ ಕಾಣುತ್ತವೆ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಐಪಿ ಎ' ಕೊಟ್ಟರೆ ಸಾಕು, ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್‌ನ ಅಡ್ರೆಸ್) ಬೇಕಿದ್ದರೆ 'ಐಪಿ ರೂಟ್'. ಹಳಬರು ಕಲಿತ 'ಇಫ್‌ಕಾನ್ಫಿಗ್' ಈಗ ಎಷ್ಟೋ ಲಿನಕ್ಸ್‌ಗಳಲ್ಲಿ ಮೊದಲಿಂದ ಇರುವುದೇ ಇಲ್ಲ. ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಈಗ ನಂಬರ್ ಓದೋಣ. 192.168, ಅಥವಾ 10, ಅಥವಾ 172.16ರಿಂದ 172.31ರ ಒಳಗೆ ಶುರುವಾದರೆ ಅದು ಒಳಗಿನ ನೆಟ್‌ವರ್ಕ್‌ನ ಮಾಮೂಲಿ ಅಡ್ರೆಸ್. 169.254 ಅಂತ ಶುರುವಾಗಿದ್ದರೆ ಅದು ರೂಟರ್ ಕೊಟ್ಟದ್ದಲ್ಲ. ಕಂಪ್ಯೂಟರ್ "ಯಾರಾದರೂ ಅಡ್ರೆಸ್ ಕೊಡಿ" ಅಂತ ಕೂಗಿದೆ, ಡಿಎಚ್‌ಸಿಪಿ (ರೂಟರ್‌ನಲ್ಲಿರುವ ಅಡ್ರೆಸ್ ಹಂಚುವ ವ್ಯವಸ್ಥೆ) ಕಡೆಯಿಂದ ಉತ್ತರ ಬಂದಿಲ್ಲ, ಹಾಗಾಗಿ ತಾನೇ ಒಂದು ನಂಬರ್ ಇಟ್ಟುಕೊಂಡಿದೆ. ವಿಂಡೋಸ್, ಮ್ಯಾಕ್ ಎರಡೂ ಹೀಗೆ ಮಾಡುತ್ತವೆ. ಉಬುಂಟು ಡೆಸ್ಕ್‌ಟಾಪ್ ಸಾಮಾನ್ಯವಾಗಿ ಮಾಡುವುದಿಲ್ಲ. ಅಲ್ಲಿ 'ಐಪಿ ಎ' ಉತ್ತರದಲ್ಲಿ ವೈಫೈ ಅಥವಾ ಕೇಬಲ್‌ನ ಹೆಸರಿನ ಕೆಳಗೆ 'ಇನೆಟ್' ಅನ್ನುವ ಸಾಲೇ ಇರುವುದಿಲ್ಲ. ನೋಡಲು ಬೇರೆ ಬೇರೆ, ಆದರೆ ಕಾಯಿಲೆ ಒಂದೇ.

ಆಗ ಅದೇ ವೈಫೈನಲ್ಲಿರುವ ಪಕ್ಕದ ಫೋನ್ ನೋಡಿ. ಅದರಲ್ಲೂ ಇಲ್ಲ ಅಂದರೆ ತಪ್ಪು ರೂಟರ್ ಕಡೆ. ಫೋನ್ ಸರಿಯಿದ್ದರೆ ಈ ಕಂಪ್ಯೂಟರ್‌ನ ಕೇಬಲ್, ವೈಫೈ ಪಾಸ್‌ವರ್ಡ್, ವಿಪಿಎನ್ ಇವನ್ನು ನೋಡಿ. ಹಳೆಯ ಸಾಧನಗಳೆಲ್ಲ ಸರಿ, ಹೊಸದಾಗಿ ಸೇರಿದ್ದಕ್ಕೆ ಮಾತ್ರ ಅಡ್ರೆಸ್ ಸಿಗುತ್ತಿಲ್ಲ ಅಂದರೆ ರೂಟರ್ ಬಳಿ ಹಂಚಲು ನಂಬರ್ ಮುಗಿದಿರಬಹುದು.

ಹೊಸದಾಗಿ ಅಡ್ರೆಸ್ ಕೇಳುವುದು ಹೀಗೆ. ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ರಿಲೀಸ್', ಆಮೇಲೆ 'ಐಪಿಕಾನ್ಫಿಗ್ /ರಿನ್ಯೂ'. ದೂರದಿಂದ ರಿಮೋಟ್‌ನಲ್ಲಿ ಕೂತು ಮಾತ್ರ ರಿಲೀಸ್ ಕೊಡಬೇಡಿ, ಆ ಕ್ಷಣವೇ ಸಂಪರ್ಕ ಕಡಿದುಹೋಗುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ನೆಟ್‌ವರ್ಕ್, ಡಿಟೇಲ್ಸ್, ಟಿಸಿಪಿ/ಐಪಿ ಅಂತ ಹೋದರೆ 'ರಿನ್ಯೂ ಡಿಎಚ್‌ಸಿಪಿ ಲೀಸ್' ಬಟನ್ ಇದೆ. ಉಬುಂಟುವಿನಲ್ಲಿ ಮೇಲಿನ ಮೆನುವಿನಿಂದ ಕನೆಕ್ಷನ್ ಆಫ್ ಮಾಡಿ ಆನ್ ಮಾಡಿದರೆ ಆಯಿತು.

ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಇದಲ್ಲ, ಒಂದೇ ಅಡ್ರೆಸ್ ಇಬ್ಬರ ಬಳಿ ಇರುವುದು. ಪ್ರಿಂಟರ್ ಯಾವಾಗಲೂ ಒಂದೇ ಕಡೆ ಸಿಗಲಿ ಅಂತ ಅದರ ಮೆನುವಿನಲ್ಲೇ 192.168.1.40 ಅಂತ ಹಾಕಿಟ್ಟಿದ್ದೆ. ರೂಟರ್ ಹಂಚುವ ಪಟ್ಟಿಯಲ್ಲೂ ಅದೇ 40 ಇತ್ತು. ಆಮೇಲೆ ಕೆಲವು ಬೆಳಿಗ್ಗೆ ಮಾತ್ರ ಗೋಳು. ಒಂದು ದಿನ ಮ್ಯಾಕ್ "ಈ ಐಪಿಯನ್ನು ಬೇರೊಂದು ಸಾಧನ ಬಳಸುತ್ತಿದೆ" ಅಂದಿತು. ಇನ್ನೊಂದು ದಿನ ಉಬುಂಟು ಏನೂ ಹೇಳದೆ ನೆಟ್ ಬಿಟ್ಟು ಬಿಟ್ಟು ಕೊಡುತ್ತಿತ್ತು. ಕೆಲವು ದಿನ ಮಾತ್ರ ಯಾಕೆ? ರಾತ್ರಿ ಪ್ರಿಂಟರ್ ಆಫ್ ಮಾಡಿದ ದಿನ, ಬೆಳಿಗ್ಗೆ ರೂಟರ್‌ಗೆ 40 ಖಾಲಿ ಅನ್ನಿಸಿ ಮೊದಲು ಎದ್ದ ಲ್ಯಾಪ್‌ಟಾಪ್‌ಗೆ ಕೊಡುತ್ತಿತ್ತು. ಹತ್ತು ಗಂಟೆಗೆ ಪ್ರಿಂಟರ್ ಆನ್ ಆದಾಗ ಜಗಳ ಶುರು.

ಇದನ್ನು ಹಿಡಿಯುವ ಬಗೆ ಹೇಳುತ್ತೇನೆ. ತೊಂದರೆ ಇರುವ ಕಂಪ್ಯೂಟರ್ ಆಫ್ ಮಾಡಿ. ಬೇರೆ ಕಂಪ್ಯೂಟರ್‌ನಿಂದ ಅದೇ ನಂಬರ್‌ಗೆ ಪಿಂಗ್ ('ಇದ್ದೀಯಾ' ಅಂತ ಕೇಳುವ ಕಮಾಂಡ್) ಕೊಡಿ. ಆಮೇಲೂ ಉತ್ತರ ಬಂದರೆ ಅಲ್ಲಿ ಇನ್ನೊಬ್ಬರಿದ್ದಾರೆ ಅಲ್ವಾ? ಉತ್ತರ ಬರದಿದ್ದರೂ ಅವಸರದಲ್ಲಿ ಬಿಡಬೇಡಿ. ವಿಂಡೋಸ್‌ನ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ತಡೆಯುವುದುಂಟು. ಈಗ 'ಎಆರ್‌ಪಿ -ಎ' ಕೊಡಿ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಲಿನಕ್ಸ್‌ನಲ್ಲಿ 'ಐಪಿ ನೇ' (ip neigh). ಆ ನಂಬರ್ ಎದುರು ಇರುವ ಮ್ಯಾಕ್ ಅಡ್ರೆಸ್ (ಪ್ರತಿ ಸಾಧನದ ಹಾರ್ಡ್‌ವೇರ್ ಗುರುತಿನ ನಂಬರ್, ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧ ಇಲ್ಲ) ಯಾರದ್ದು ಅಂತ ಸಾಧನಗಳ ಸ್ಟಿಕರ್ ನೋಡಿ ಹೋಲಿಸಿ. ನನ್ನ ಪ್ರಿಂಟರ್ ಸಿಕ್ಕಿಬಿದ್ದದ್ದು ಹೀಗೆ.

ಪರಿಹಾರ ಎರಡಿದೆ. ರೂಟರ್ 100ರಿಂದ ಮೇಲೆ ಮಾತ್ರ ಹಂಚುವಂತೆ ಮಾಡಿ ಕೆಳಗಿನವನ್ನು ಕೈಯಲ್ಲಿ ಹಾಕಲು ಇಟ್ಟುಕೊಳ್ಳಬಹುದು. ಇಲ್ಲವೇ ಸಾಧನವನ್ನು ಆಟೊಮ್ಯಾಟಿಕ್‌ನಲ್ಲೇ ಬಿಟ್ಟು, ರೂಟರ್‌ನಲ್ಲಿ ಅದರ ಮ್ಯಾಕ್ ಅಡ್ರೆಸ್‌ಗೆ ಒಂದು ನಂಬರ್ ಮೀಸಲಿಡಬಹುದು. ಎರಡನೆಯದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕವೆಲ್ಲ ಒಂದೇ ಕಡೆ ಇರುತ್ತದೆ. ಆದರೆ ಮೀಸಲಿಟ್ಟರೂ ಸಿಗದೇ ಇರಬಹುದು. ಫೋನ್‌ಗಳು, ಹೊಸ ಮ್ಯಾಕ್‌ಗಳು ವೈಫೈನಲ್ಲಿ 'ಪ್ರೈವೇಟ್ ಅಡ್ರೆಸ್' ಅಂತ ಬೇರೆ ಮ್ಯಾಕ್ ಅಡ್ರೆಸ್ ತೋರಿಸುತ್ತವೆ. ವಿಂಡೋಸ್‌ನಲ್ಲೂ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಇದೆ. ನಿಮ್ಮದೇ ನೆಟ್‌ವರ್ಕ್‌ಗೆ ಅದನ್ನು ಆಫ್ ಮಾಡಿ.

ವರ್ಚುಯಲ್ ಮೆಷಿನ್ ಬಳಸುವವರಿಗೆ ಒಂದು ಮಾತು. ಉಬುಂಟು ಸರ್ವರ್ ಒಂದನ್ನು ನಕಲು ಮಾಡಿ ಎರಡು ಮಾಡಿದಾಗ, ಮ್ಯಾಕ್ ಅಡ್ರೆಸ್ ಬೇರೆ ಇದ್ದರೂ ಎರಡಕ್ಕೂ ಒಂದೇ ಐಪಿ ಬರಬಹುದು. ಉಬುಂಟು ಸರ್ವರ್ ಅಡ್ರೆಸ್ ಕೇಳುವಾಗ ಹೇಳುವ ತನ್ನ ಗುರುತನ್ನು 'ಮಷೀನ್-ಐಡಿ' ಫೈಲ್‌ನಿಂದ ಮಾಡಿಕೊಳ್ಳುತ್ತದೆ, ಆ ಫೈಲ್ ನಕಲಿನಲ್ಲೂ ಅದೇ ಇರುತ್ತದೆ. ನಕಲಿನಲ್ಲಿ ಆ ಫೈಲ್ ಖಾಲಿ ಮಾಡಿ ರೀಸ್ಟಾರ್ಟ್ ಮಾಡಿದರೆ ಹೊಸ ಗುರುತು ಹುಟ್ಟುತ್ತದೆ.

ಅಡ್ರೆಸ್ ಸರಿಯಾಗಿಯೇ ಇದ್ದು ಪುಟ ತೆರೆಯದಿದ್ದರೆ ಪಿಂಗ್ ಅನ್ನು ಹತ್ತಿರದಿಂದ ದೂರಕ್ಕೆ ಕೊಡುತ್ತಾ ಹೋಗಿ. ಮೊದಲು ಗೇಟ್‌ವೇ, ಆಮೇಲೆ ಹೊರಗಿನ 8.8.8.8 (ಗೂಗಲ್‌ನ ಸರ್ವರ್), ಕೊನೆಗೆ ಒಂದು ಸೈಟಿನ ಹೆಸರು. ವಿಂಡೋಸ್ ನಾಲ್ಕು ಸಲ ಕೇಳಿ ನಿಲ್ಲುತ್ತದೆ. ಮ್ಯಾಕ್ ಮತ್ತು ಲಿನಕ್ಸ್ ನೀವು ಕಂಟ್ರೋಲ್-ಸಿ ಒತ್ತುವ ತನಕ ಕೇಳುತ್ತಲೇ ಇರುತ್ತವೆ. ನಂಬರ್‌ಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತೊಂದರೆ ಸಾಮಾನ್ಯವಾಗಿ ಡಿಎನ್‌ಎಸ್‌ನದು (ಸೈಟಿನ ಹೆಸರಿಗೆ ನಂಬರ್ ಹುಡುಕಿ ಕೊಡುವ ವ್ಯವಸ್ಥೆ), ಐಪಿಯನ್ನು ಸುಮ್ನೆ ಕೆದಕಬೇಡಿ. ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್', ಉಬುಂಟುವಿನಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್' ಕೊಟ್ಟು ನೋಡಿ.

ಇನ್ನೊಂದು ಗುರುತು. ನಿಮ್ಮ ಮನೆಯವೆಲ್ಲ 192.168.1 ಇದ್ದು ಒಂದಕ್ಕೆ ಮಾತ್ರ 192.168.0 ಬಂದರೆ, ಎಲ್ಲೋ ಎರಡನೇ ರೂಟರ್ ಕೂಡ ಅಡ್ರೆಸ್ ಹಂಚುತ್ತಿದೆ. ವಿಂಡೋಸ್‌ನ 'ಐಪಿಕಾನ್ಫಿಗ್ /ಆಲ್' ಉತ್ತರದಲ್ಲಿ 'ಡಿಎಚ್‌ಸಿಪಿ ಸರ್ವರ್' ಅನ್ನುವ ಸಾಲು ಅದರ ನಂಬರ್ ಹೇಳುತ್ತದೆ. ಮ್ಯಾಕ್‌ನಲ್ಲಿ 'ಐಪಿಕಾನ್ಫಿಗ್ ಗೆಟ್‌ಪ್ಯಾಕೆಟ್ ಇಎನ್0'. ವೈಫೈ ದೂರದ ಕೋಣೆಗೂ ಸಿಗಲಿ ಅಂತ ಹಳೆಯ ರೂಟರ್ ಜೋಡಿಸಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ.

ವಿಂಡೋಸ್‌ನಲ್ಲಿ ಪೂರ್ತಿ ನೆಟ್‌ವರ್ಕ್ ರೀಸೆಟ್ ಇದೆ. ಅದು ಕಟ್ಟಕಡೆಗೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್, ಕೈಯಲ್ಲಿ ಹಾಕಿದ ಐಪಿ ಎಲ್ಲ ಹೋಗುತ್ತವೆ. ಒತ್ತುವ ಮೊದಲು 'ಐಪಿಕಾನ್ಫಿಗ್ /ಆಲ್' ಪರದೆಯ ಫೋಟೋ ಒಂದನ್ನು ಫೋನ್‌ನಲ್ಲಿ ತೆಗೆದಿಟ್ಟುಕೊಳ್ಳಿ.