ಕಡಿಮೆ ಬಜೆಟ್‌ನ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗ ಆರಿಸುವ ಕ್ರಮ

ಅರವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಪ್ರೊಸೆಸರ್ ಬಗ್ಗೆ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಯಾವ ಆಟಗಳನ್ನು ಆಡುತ್ತೀರಿ, ಎಂಥ ಮಾನಿಟರ್‌ನಲ್ಲಿ ಆಡುತ್ತೀರಿ ಎಂಬುದು. 1920×1080 ಪರದೆಯ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ, 2560×1440 ಪರದೆಯಲ್ಲಿ ಅವು 36.9 ಲಕ್ಷಕ್ಕೂ 4ಕೆ ಪರದೆಯಲ್ಲಿ ಸುಮಾರು 83 ಲಕ್ಷಕ್ಕೂ ಏರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಕೆಲಸವೂ ಅದರೊಂದಿಗೆ ಏರುತ್ತದೆ. ಈ ಬಜೆಟ್‌ಗೆ 1080 ಪರದೆಯೇ ಸರಿಯಾದ ಆಯ್ಕೆ. ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ 2ರಂಥ ವೇಗದ ಶೂಟಿಂಗ್ ಆಟಗಳನ್ನೇ ಹೆಚ್ಚು ಆಡುವವರು 144 ಹರ್ಟ್ಸ್ ಮಾನಿಟರ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದನ್ನು ನೋಡಬಹುದು. ಆದರೆ ಅದರ ಪೂರ್ಣ ಪ್ರಯೋಜನ ಸಿಗಬೇಕಾದರೆ ಪ್ರತಿ ಚಿತ್ರವೂ ಏಳು ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕಾದ್ದರಿಂದ, ಅಂಥವರು ಪ್ರೊಸೆಸರ್‌ನಲ್ಲಿ ತೀರಾ ಕೈ ಬಿಗಿ ಹಿಡಿಯಬಾರದು.

ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಶೇ 40ರಷ್ಟನ್ನು ಗ್ರಾಫಿಕ್ಸ್ ಕಾರ್ಡಿಗೆಂದು ಮೊದಲೇ ತೆಗೆದಿಡಿ. ಈ ವರ್ಗದಲ್ಲಿ 8 ಜಿಬಿ ಮೆಮೊರಿಗಿಂತ ಕಡಿಮೆ ಇರುವ ಕಾರ್ಡನ್ನು ಈಗ ಹೊಸದಾಗಿ ಕೊಳ್ಳುವುದು ಸೂಕ್ತವಲ್ಲ. ಕಾರ್ಡಿನ ಮೆಮೊರಿ ತುಂಬಿದರೆ ಆಟದ ದತ್ತಾಂಶ ಕಂಪ್ಯೂಟರಿನ ರ‍್ಯಾಮ್‌ಗೂ ಕಾರ್ಡಿಗೂ ನಡುವೆ ಓಡಾಡಬೇಕಾಗುತ್ತದೆ. ಆಟ ಇದ್ದಕ್ಕಿದ್ದಂತೆ ತಡವರಿಸುವುದು ಬಹುಮಟ್ಟಿಗೆ ಈ ಕಾರಣದಿಂದ. 2021ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6600 ಇಲ್ಲಿ ಒಳ್ಳೆಯ ಮಾನದಂಡ: 8 ಜಿಬಿ ಮೆಮೊರಿ, 132 ವಾಟ್ ವಿದ್ಯುತ್ ಬಳಕೆ. ಹಣ ಹೊಂದಿದರೆ ಆರ್‌ಟಿಎಕ್ಸ್ 4060 ಇದಕ್ಕಿಂತ ವೇಗದ್ದು, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಮುದ್ರಿಸಿದ ಜಿಬಿ ಸಂಖ್ಯೆಯೊಂದನ್ನೇ ನೋಡಿ ಕಾರ್ಡನ್ನು ಒಪ್ಪಬೇಡಿ. ‘4 ಜಿಬಿ ಗ್ರಾಫಿಕ್ಸ್’ ಎಂದು ಮಾರಾಟವಾಗುವ ಜಿಟಿ 730 ಮೂಲತಃ 2014ರ ಕಾರ್ಡು. ಇಂದಿನ ದೊಡ್ಡ ಆಟಗಳನ್ನು ನಡೆಸುವ ಶಕ್ತಿ ಅದಕ್ಕಿಲ್ಲ.

ಇಂಥ ಕಾರ್ಡಿನ ಜೊತೆಗೆ ಆರು ಕೋರ್‌ಗಳ ಪ್ರೊಸೆಸರ್ ಸಾಕು. ರೈಜನ್ 5 5600 ಮತ್ತು ಇಂಟೆಲ್ ಕೋರ್ ಐ5-12400ಎಫ್ ಎರಡೂ ಆರು ಕೋರ್, ಹನ್ನೆರಡು ಥ್ರೆಡ್‌ಗಳವು. ಇವೆರಡರಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಕಾರ್ಡನ್ನು ಮುಂದಿನ ವರ್ಷ ಕೊಂಡರಾಯಿತು ಎನ್ನುವವರಿಗೆ ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಇದೆ; ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 5600ರ ಅರ್ಧದಷ್ಟು, ಅಂದರೆ 16 ಎಂಬಿ ಮಾತ್ರವಾದ್ದರಿಂದ, ಮುಂದೆ ಕಾರ್ಡ್ ಹಾಕಿದಾಗ ಅದು 5600ರ ಸಮಕ್ಕೆ ಬರಲಾರದು. ಈ ರೈಜನ್‌ಗಳು ಕೂರುವ ಎಎಂ4 ಸಾಕೆಟ್‌ನ ಬೋರ್ಡುಗಳು ಅಗ್ಗ, ಆದರೆ ಆ ದಾರಿ ಹೆಚ್ಚು ಮುಂದಕ್ಕೆ ಹೋಗುವುದಿಲ್ಲ. 2022ರಲ್ಲಿ ಬಂದ ಅದರ ಮುಂದಿನ ಸಾಕೆಟ್ ಎಎಂ5 ಡಿಡಿಆರ್5 ರ‍್ಯಾಮನ್ನಷ್ಟೇ ಒಪ್ಪುತ್ತದೆ. ಖರ್ಚು ಹೆಚ್ಚಾದರೂ ಕೆಲವು ವರ್ಷಗಳ ಬಳಿಕ ಪ್ರೊಸೆಸರನ್ನಷ್ಟೇ ಬದಲಿಸಿಕೊಳ್ಳುವ ಅವಕಾಶ ಅದರಲ್ಲಿದೆ. ಹಳೆಯ ದಾಸ್ತಾನಿನ ಬಿ450 ಎಂಬ ಎಎಂ4 ಬೋರ್ಡ್ ಕೊಳ್ಳುವುದಾದರೆ, ಅದರ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ರೈಜನ್ 5000 ಸರಣಿಯನ್ನು ಗುರುತಿಸುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಿ.

ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಪಟ್ಟಿಗಳಾಗಿ. ಎರಡಿದ್ದಾಗ ಎರಡೂ ಏಕಕಾಲಕ್ಕೆ ದತ್ತಾಂಶ ಸಾಗಿಸುವ ಡ್ಯುಯಲ್ ಚಾನೆಲ್‌ನ ವೇಗ ದೊರೆಯುತ್ತದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತಾದ್ದರಿಂದ ಹಳೆಯ ದರಪಟ್ಟಿಗಳನ್ನು ನಂಬದೆ ಕೊಳ್ಳುವ ದಿನದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಸಂಗ್ರಹಕ್ಕೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಆರಂಭಕ್ಕೆ ಸಾಕು. 1 ಟಿಬಿ ಇದ್ದರೆ ನೆಮ್ಮದಿ.

ಉಳಿತಾಯದ ಹೆಸರಿನಲ್ಲಿ ಅತಿ ಹೆಚ್ಚು ಹಾನಿಯಾಗುವುದು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ವಿಷಯದಲ್ಲಿ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿರುವ ಚೀಟಿಯನ್ನು ಒಮ್ಮೆ ಓದಿ. ಮೇಲ್ಗಡೆ 450 ವಾಟ್ ಎಂದಿರುತ್ತದೆ. ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನಡಿ 18 ಆಂಪಿಯರ್ ಎಂದಿದ್ದರೆ, ಗುಣಿಸಿದಾಗ ದೊರೆಯುವುದು 216 ವಾಟ್ ಮಾತ್ರ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ವಿದ್ಯುತ್ ಪಡೆಯುವುದು ಆ ಸಾಲಿನಿಂದಲೇ. ಆರ್‌ಎಕ್ಸ್ 6600ಕ್ಕೆ 132, ರೈಜನ್ 5600ಕ್ಕೆ ಪೂರ್ಣ ಹೊರೆಯಲ್ಲಿ 75ರಷ್ಟು. ಬೋರ್ಡ್, ಫ್ಯಾನ್‌ಗಳನ್ನು ಸೇರಿಸಿದರೆ ಲೆಕ್ಕ 216ನ್ನು ದಾಟುತ್ತದೆ. ಆಟದ ನಡುವೆ ಕಂಪ್ಯೂಟರ್ ತಾನೇ ಆರಿಹೋಗುವುದಕ್ಕೆ ಇದು ಕಾರಣವಾಗಬಹುದು. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೇ ಬಲಿ ತೆಗೆದುಕೊಳ್ಳಬಲ್ಲದು. ಹೆಸರಾಂತ ಕಂಪನಿಯ, ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಪ್ರಮಾಣಪತ್ರವಿರುವ 550 ವಾಟ್‌ನದನ್ನು ಬೇರೆಯಾಗಿಯೇ ಕೊಳ್ಳಿ. ಯುಪಿಎಸ್ ಕೊಳ್ಳುವಾಗಲೂ ವಿಎ ಸಂಖ್ಯೆಯನ್ನಲ್ಲ, ವಾಟ್ ಸಂಖ್ಯೆಯನ್ನು ನೋಡಿ. 600 ವಿಎಯ ಸಾಮಾನ್ಯ ಯುಪಿಎಸ್ ಸುಮಾರು 360 ವಾಟ್ ಅಷ್ಟೇ ಕೊಡುತ್ತದೆ. ಮನೆಯ ಪ್ಲಗ್‌ಗೆ ಅರ್ಥಿಂಗ್ ಸರಿಯಾಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ಯಾಬಿನೆಟ್ ವಿಷಯದಲ್ಲಿ ಬಣ್ಣದ ದೀಪಗಳಿಗಿಂತ ಗಾಳಿಯಾಟ ಮುಖ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ಬೇಡವೇ ಬೇಡ. ಮುಂದೆ ಜಾಲರಿ, ಅದರ ಹಿಂದೆ ಎರಡು ಫ್ಯಾನ್, ಹಿಂಬದಿಗೆ ಒಂದು ಫ್ಯಾನ್ ಇರುವಂಥದ್ದನ್ನು ಆರಿಸಿ.

ಪ್ರತಿ ಭಾಗಕ್ಕೂ ಸೀರಿಯಲ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಿರಿ. ಬಿಲ್ ಬೇಡವೆಂದರೆ ಬೆಲೆ ಇಳಿಸುತ್ತೇವೆ ಎನ್ನುವವರು ಇಳಿಸುವುದು ನಿಮ್ಮ ವಾರಂಟಿಯನ್ನು. ಡಬ್ಬವಿಲ್ಲದ ‘ಟ್ರೇ’ ಪ್ರೊಸೆಸರ್ ಕೊಡುವುದಾದರೆ, ವಾರಂಟಿ ಯಾರದು, ಎಷ್ಟು ಕಾಲದ್ದು ಎಂಬುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.

ಜೋಡಣೆಯಾದ ಮೇಲೆ ನಾಲ್ಕು ಸಂಗತಿಗಳನ್ನು ಕಣ್ಣಾರೆ ನೋಡಿ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ರ‍್ಯಾಮ್ ಪಟ್ಟಿಗಳು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಬೇಕು. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಸಿಕ್ಕಿಸಿರಬೇಕು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಘೋಷಿತ ವೇಗಕ್ಕೆ ತರುವ ಸೆಟ್ಟಿಂಗ್) ಚಾಲೂ ಆಗಿರಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ 2400 ಅಥವಾ 2666ರ ವೇಗದಲ್ಲೇ ಉಳಿಯಬಹುದು. ಕೊನೆಯದಾಗಿ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಿ: 144 ಹರ್ಟ್ಸ್ ಮಾನಿಟರ್ ಕೊಂಡವರು ಆ ಸಂಖ್ಯೆಯನ್ನು ತಾವಾಗಿ ಆರಿಸದಿದ್ದರೆ, ಅದು ಎಷ್ಟೋ ಸಲ 60ರಲ್ಲೇ ನಡೆಯುತ್ತಿರುತ್ತದೆ.