ಪ್ಲೇಟ್‌ಲೆಟ್ ಜಾಸ್ತಿ ಬಂದಿದೆಯಾ? ಮೊದ್ಲು ಯಾಕೆ ಅಂತ ಹುಡುಕಿ

ನಮ್ಮ ದಾವಣಗೆರೆ ಕಡೆ ಪ್ಲೇಟ್‌ಲೆಟ್ ಅನ್ನೋ ಮಾತು ಜನ್ರ ಬಾಯಿಗೆ ಬಂದಿದ್ದೇ ಡೆಂಗ್ಯೂ ಇಂದ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಸಣ್ಣ ಕಣ ಅದು. ಮಳೆಗಾಲ ಶುರುವಾದ್ರೆ ಸಾಕು, ಯಾರ ಮನೇಲಿ ನೋಡಿದ್ರೂ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳೀತು, ಪಪ್ಪಾಯಿ ಎಲೆ ರಸ ಕುಡ್ಸಿದ್ರಾ, ಇದೇ ಮಾತು. ಹಾಗಾಗಿ ಯಾರಾದ್ರೂ ನಂಗೆ 9 ಲಕ್ಷ ಇದೆ ಅಂದ್ರೆ "ಭಾರಿ ಚಲೋ ಆತಲ್ಲಣ್ಣ, ನಮಗೂ ಸ್ವಲ್ಪ ಕೊಡು" ಅಂತ ನಗಾಡ್ತಾರೆ. ಚಲೋ ಏನೂ ಅಲ್ಲ. ಜಾಸ್ತಿ ಆದ್ರೆ ರಕ್ತ ಎಲ್ಲೆಂದ್ರಲ್ಲಿ ಹೆಪ್ಪುಗಟ್ಟೋ ಭಯ, ತೀರಾ ಜಾಸ್ತಿ ಆಗಿ 10 ಲಕ್ಷ 15 ಲಕ್ಷ ದಾಟಿದ್ರೆ ಉಲ್ಟಾ ಮೂಗು, ವಸಡಲ್ಲಿ ರಕ್ತ ಸೋರೋದೂ ಉಂಟು. ನಾನೂ ಇದೇ ಪೇಶಂಟು, ಮಾತ್ರೆ ನುಂಗ್ಕೊಂಡು ಕೆಲ್ಸ ಮಾಡ್ಕೊಂಡು ಆರಾಮಾಗೇ ಇದೀನಿ, ಈಗ ತಾನೇ ರಿಪೋರ್ಟ್ ಕೈಗೆ ಬಂದು ರಾತ್ರಿ ನಿದ್ದೆ ಕೆಟ್ಟು ಫೋನ್‌ನಲ್ಲಿ ಹುಡುಕ್ತಾ ಕೂತಿರೋರಿಗೆ ಅಂತ ಇದನ್ನ ಬರೀತಿದೀನಿ.

ಮೊದ್ಲು ರಿಪೋರ್ಟ್ ಸರಿಯಾಗಿ ಓದಿ. ದೊಡ್ಡೋರಿಗೆ ನಾರ್ಮಲ್ ಅಂದ್ರೆ 1.5 ಲಕ್ಷದಿಂದ 4.5 ಲಕ್ಷ. ಕೆಲವು ಲ್ಯಾಬ್‌ನವ್ರು 8.9 ಲಕ್ಷ ಅಂತ ಹಾಕ್ತಾರೆ, ಇನ್ನು ಕೆಲವ್ರು ಬರೀ 890 ಅಂತ ಹಾಕಿ ಪಕ್ಕದಲ್ಲಿ ಸಾವಿರದ ಲೆಕ್ಕ ಅಂತ ಸಣ್ಣಕ್ಷರದಲ್ಲಿ ಬರ್ದಿರ್ತಾರೆ, ಎರಡೂ ಒಂದೇ. 890 ನೋಡಿ ಪ್ಲೇಟ್‌ಲೆಟ್ ಪೂರ್ತಿ ಖಾಲಿ ಅಂತ ಗಾಬರಿ ಬಿದ್ದೋರನ್ನೂ ನೋಡಿದೀನಿ. ಒಂದೇ ರಿಪೋರ್ಟ್ ನಂಬ್ಕೊಂಡು ಕೂರ್ಬೇಡಿ, ಕೆಲವು ವಾರ ಬಿಟ್ಟು ಇನ್ನೊಂದ್ಸಲ ಸಿಬಿಸಿ, ಅಂದ್ರೆ ರಕ್ತದ ಕಣ ಎಣ್ಸೋ ಟೆಸ್ಟ್, ಮಾಡ್ಸಿ, ಜೊತೆಗೆ ಪೆರಿಫೆರಲ್ ಸ್ಮಿಯರ್ ಅಂತ ಕೇಳಿ, ಅಂದ್ರೆ ಪೆಥಾಲಜಿ ಡಾಕ್ಟ್ರು ರಕ್ತನ ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡೋದು. ಮಷಿನ್ ಸೈಜ್ ನೋಡಿ ಎಣ್ಸೋದು, ತುಂಬಾ ಸಣ್ಣ ಆಗಿರೋ ಕೆಂಪು ಕಣ, ಅದರ ಚೂರುಗಳನ್ನೂ ಪ್ಲೇಟ್‌ಲೆಟ್ ಲೆಕ್ಕಕ್ಕೇ ಸೇರ್ಸಿಬಿಡಬಹುದು.

ಈಗ ಮುಖ್ಯ ವಿಷ್ಯಕ್ಕೆ ಬರೋಣ. ಪ್ಲೇಟ್‌ಲೆಟ್ ಜಾಸ್ತಿ ಬಂದ ಜನ್ರಲ್ಲಿ ಬಹಳಷ್ಟು ಮಂದಿಗೆ ಅದು ರಕ್ತದ ಕಾಯಿಲೆನೇ ಅಲ್ಲ, ಬೇರೆ ಏನೋ ಆಗಿರೋದಕ್ಕೆ ದೇಹ ಕೊಡ್ತಿರೋ ಉತ್ತರ. ನಮ್ಮ ಕಡೆ ಹೆಂಗಸ್ರಲ್ಲಿ ಮೊದ್ಲು ಅನುಮಾನ ಪಡ್ಬೇಕಾಗಿದ್ದು ಕಬ್ಬಿಣದ ಕೊರತೆ. ಮುಟ್ಟಿನಲ್ಲಿ ಜಾಸ್ತಿ ಹೋಗ್ತಿರತ್ತೆ, ಹಿಮೋಗ್ಲೋಬಿನ್ 8ರ ಹತ್ರ ಇರತ್ತೆ, ಪ್ಲೇಟ್‌ಲೆಟ್ 6 ಲಕ್ಷ ಇರತ್ತೆ, ಇಂಥೋರಿಗೆ ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ತೋರ್ಸೋ ಫೆರಿಟಿನ್ ಟೆಸ್ಟ್ ಮಾಡ್ಸಿ ಕಬ್ಬಿಣದ ಮಾತ್ರೆ ಕೊಟ್ರೆ ಪ್ಲೇಟ್‌ಲೆಟ್ ತಾನಾಗೇ ಇಳ್ಕೊಂಡು ಬರತ್ತೆ. ಮಾತ್ರೆ ನುಂಗಿದ್ ಕೂಡ್ಲೆ ಟೀ ಕುಡಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ಒಂದೆರಡು ತಾಸು ಬಿಟ್ಟು ಕುಡೀರಿ, ಬೇಕಾದ್ರೆ ನಿಂಬೆ ಪಾನಕ ಕುಡೀರಿ. ಗಂಡಸ್ರಿಗೆ, ಮುಟ್ಟು ನಿಂತ ಹೆಂಗಸ್ರಿಗೆ ಕಬ್ಬಿಣ ಕಮ್ಮಿ ಬಂದ್ರೆ ಮಾತ್ರ ಬರೀ ಮಾತ್ರೆ ತಗೊಂಡು ಸುಮ್ನಾಗ್ಬೇಡಿ, ಹೊಟ್ಟೆ ಕರುಳಲ್ಲಿ ಎಲ್ಲಾದ್ರೂ ರಕ್ತ ಸೋರ್ತಿದೆಯಾ ಅಂತ ನೋಡ್ಲೇಬೇಕು. ಹಾಗೇ ಹಿಮೋಗ್ಲೋಬಿನ್ 17, 18 ಇದ್ದು ಪ್ಲೇಟ್‌ಲೆಟ್ಟೂ ಜಾಸ್ತಿ ಇರೋರು ಡಾಕ್ಟ್ರನ್ನ ಕೇಳ್ದೆ ಕಬ್ಬಿಣದ ಮಾತ್ರೆ ಮುಟ್ಬೇಡಿ, ಅದು ಕೆಂಪು ಕಣವೂ ಜಾಸ್ತಿ ಆಗೋ ಬೇರೆ ರಕ್ತದ ಕಾಯಿಲೆ ಇರಬಹುದು.

ಟಿಬಿ, ಯಾವ್ದಾದ್ರೂ ಇನ್ಫೆಕ್ಷನ್, ಸಂಧಿವಾತ, ಈಚೆಗೆ ಆದ ಆಪರೇಷನ್, ಗುಲ್ಮ (ಸ್ಪ್ಲೀನ್) ತೆಗ್ಸಿರೋದು, ಎಲ್ಲೋ ಅಡಗಿರೋ ಗಡ್ಡೆ, ಇವೂ ಪ್ಲೇಟ್‌ಲೆಟ್ ಏರಿಸ್ತವೆ. ನಿಮ್ಮ ಮಾಮೂಲಿ ಫಿಸಿಷಿಯನ್ ಡಾಕ್ಟ್ರೇ ಇವನ್ನೆಲ್ಲ ಒಂದೊಂದಾಗಿ ಸೋಸಬಹುದು, ಇದಕ್ಕೆ ಬೆಂಗ್ಳೂರಿಗೆ ಓಡೋ ಅಗತ್ಯ ಇಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ, ಎಸ್.ಎಸ್. ಆಸ್ಪತ್ರೆ, ಚಿತ್ರದುರ್ಗದವ್ರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು, ಎಲ್ಲಾದ್ರೂ ಒಂದು ಕಡೆ ಮೆಡಿಸಿನ್ ವಿಭಾಗದಲ್ಲಿ ತೋರ್ಸಿ.

ಇದ್ಯಾವ್ದೂ ಅಲ್ಲ, ತಿಂಗಳುಗಟ್ಟಲೆ ಜಾಸ್ತಿನೇ ಇದೆ ಅಂದ್ರೆ ಆಗ ರಕ್ತದ ಡಾಕ್ಟ್ರು ಬೇಕು, ಹೆಮಟಾಲಜಿಸ್ಟ್ ಅಂತಾರೆ. ಆಗ ಅನುಮಾನ ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ ಮೇಲೆ ಹೋಗತ್ತೆ, ಎಲ್ರೂ ಇಟಿ ಅಂತಾನೇ ಕರೀತಾರೆ. ಮೂಳೆ ಮಜ್ಜೆಯಲ್ಲಿ ಒಂದು ಕಣದ ಜೀನ್ ಕೆಟ್ಟು ಅದು ಹೇಳೋರು ಕೇಳೋರು ಇಲ್ದಂಗೆ ಪ್ಲೇಟ್‌ಲೆಟ್ ತಯಾರ್ ಮಾಡ್ತಾ ಹೋಗತ್ತೆ. ಅರ್ಧಕ್ಕಿಂತ ಜಾಸ್ತಿ ಇಟಿ ಪೇಶಂಟ್‌ಗಳಲ್ಲಿ ಕೆಟ್ಟಿರೋದು ಜ್ಯಾಕ್-2 ಅನ್ನೋ ಜೀನು, ಇದು ಗೊತ್ತಾಗಿದ್ದು 2005ರಲ್ಲಿ. ಇನ್ನು ಕೆಲವ್ರಲ್ಲಿ ಕ್ಯಾಲ್‌ಆರ್, ಅದು ಗೊತ್ತಾಗಿದ್ದು 2013ರಲ್ಲಿ, ಸ್ವಲ್ಪ ಜನಕ್ಕೆ ಎಂಪಿಎಲ್. ಮೂರೂ ನೆಗೆಟಿವ್ ಬಂದ್ರೂ ಇಟಿ ಇರಬಹುದು. ಜೊತೆಗೆ ಬಿಸಿಆರ್-ಎಬಿಎಲ್ ಟೆಸ್ಟ್ ಬಿಡ್ಬೇಡಿ, ಯಾಕಂದ್ರೆ ಸಿಎಂಎಲ್ ಅನ್ನೋ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರ್‌ನಲ್ಲೂ ಪ್ಲೇಟ್‌ಲೆಟ್ ಏರತ್ತೆ, ಅದರ ಔಷಧಿನೇ ಬೇರೆ. ಈ ಜೀನ್ ಟೆಸ್ಟ್‌ಗಳಿಗೆ ಮಾಮೂಲಿ ಸಿಬಿಸಿ ಥರಾನೇ ರಕ್ತ ತಗೊಂಡು ದೊಡ್ಡ ಲ್ಯಾಬಿಗೆ ಕಳಿಸ್ತಾರೆ, ರಿಪೋರ್ಟ್ ಬರೋಕೆ ಟೈಮ್ ಹಿಡಿಯತ್ತೆ, ಸಾವಿರಗಟ್ಟಲೆ ಖರ್ಚೂ ಬರತ್ತೆ, ಮೊದ್ಲೇ ರೇಟ್ ಕೇಳಿ.

ಬೋನ್ ಮ್ಯಾರೋ, ಅಂದ್ರೆ ಮೂಳೆ ಮಜ್ಜೆ ತೆಗೆದು ನೋಡೋ ಟೆಸ್ಟ್ ಬಗ್ಗೆ ಎಲ್ರಿಗೂ ಭಯ. ಬೆನ್ನುಮೂಳೆಗೆ ಚುಚ್ತಾರೆ ಅನ್ಕೊಂಡಿರ್ತಾರೆ, ಬೆನ್ನುಮೂಳೆಗಲ್ಲ, ಸೊಂಟದ ಹಿಂದಿನ ಮೂಳೆಗೆ. ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆ ಕಡೆಗೆ ಮಡ್ಚಿಸಿ, ಡಾಕ್ಟ್ರು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೂಳೆ ಎಲ್ಲಿದೆ ನೋಡಿ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ. ಸೂಜಿ ಒಳಗೆ ಹೋಗೋವಾಗ ಬರೀ ಒತ್ತಿದಂಗೆ ಅನ್ಸತ್ತೆ, ಮಜ್ಜೆ ಎಳೆಯೋ ಆ ಒಂದೆರಡು ಸೆಕೆಂಡ್ ಮಾತ್ರ ಕಾಲಿನ ತನಕ ಜಗ್ಗಿದಂಗೆ ಒಂದು ಥರಾ ನೋವು, ಅದನ್ನ ಸುಳ್ಳು ಹೇಳಲ್ಲ. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ, ಪಟ್ಟಿ ಮಾತ್ರ ಒಂದಿನ ನೆನೀಬಾರ್ದು.

ಎಲ್ಲಿ ತೋರ್ಸೋದು ಅಂದ್ರೆ, ಸರ್ಕಾರಿ ಬೇಕು ಅಂದ್ರೆ ಬೆಂಗ್ಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಇಲ್ಲಾಂದ್ರೆ ಸೇಂಟ್ ಜಾನ್ಸ್, ಇನ್ನೂ ದೂರ ಹೋಗ್ತೀನಿ ಅಂದ್ರೆ ವೆಲ್ಲೂರು ಸಿಎಂಸಿ. ಕಿದ್ವಾಯಿ ಬೋರ್ಡ್ ನೋಡಿದ್ ಕೂಡ್ಲೆ ಮನೇಲಿ ಅಳು ಶುರುವಾಗತ್ತೆ, ಗೊತ್ತು. ಪುಸ್ತಕದ ಲೆಕ್ಕದಲ್ಲಿ ಇಟಿ ಬ್ಲಡ್ ಕ್ಯಾನ್ಸರ್ ಗುಂಪಿಗೇ ಸೇರತ್ತೆ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ, ಆದ್ರೆ ತುಂಬಾ ನಿಧಾನದ್ದು, ಎಷ್ಟೋ ಜನ ಹತ್ತಾರು ವರ್ಷ ಮಾಮೂಲಿ ಜೀವನ ಮಾಡ್ತಾರೆ, ಸ್ವಲ್ಪ ಜನಕ್ಕೆ ಮಾತ್ರ ವರ್ಷಗಳಾದ್ಮೇಲೆ ಬೇರೆ ರೂಪಕ್ಕೆ ತಿರುಗಬಹುದು, ಚೆಕಪ್ ಬಿಡ್ಬಾರ್ದು ಅನ್ನೋದು ಅದಕ್ಕೇ. ಮನೇಲಿ ಹಿರಿಯರಿಗೆ ಹೇಳೋವಾಗ ಮೊದ್ಲು "ಮಾತ್ರೇಲಿ ಹಿಡಿತದಲ್ಲಿರತ್ತೆ" ಅನ್ನೋದನ್ನ ಹೇಳಿ, ಹೆಸ್ರು ಆಮೇಲೆ ಹೇಳಿ. ಒಂದ್ಸಲ ಬೆಂಗ್ಳೂರಲ್ಲಿ ಕಾಯಿಲೆ ಯಾವ್ದು ಅಂತ ನಿಕ್ಕಿ ಆಗಿ ಮಾತ್ರೆ ಸೆಟ್ ಆದ್ಮೇಲೆ ಪ್ರತಿ ಸಲ ಹೋಗೋದು ಬೇಕಿಲ್ಲ, ಸಿಬಿಸಿ ಇಲ್ಲೇ ಮಾಡ್ಸಿ ಇಲ್ಲಿನ ಫಿಸಿಷಿಯನ್‌ಗೆ ತೋರ್ಸಿ, ಅಲ್ಲಿಗೆ ಅವ್ರು ಹೇಳ್ದಾಗ ಹೋದ್ರಾಯ್ತು, ಇದನ್ನ ಮೊದಲ ಭೇಟಿಯಲ್ಲೇ ಬಾಯ್ಬಿಟ್ಟು ಕೇಳಿ. ರೈಲಲ್ಲಿ ಹೋಗೋದು ಒಳ್ಳೇದು, ಬೋಗಿ ಒಳಗೆ ಎದ್ದು ಓಡಾಡಬಹುದು, ಬಸ್ಸಲ್ಲಿ ಕಾಲು ಜೋತುಬಿಟ್ಕೊಂಡು ಅಷ್ಟೊತ್ತು ಕೂರೋದು ನಮ್ಮಂಥೋರಿಗೆ ಸರಿಯಲ್ಲ.

ದುಡ್ಡಿನ ವಿಷ್ಯ ಬೇಗ ಹೇಳ್ಬಿಡ್ತೀನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಆದ್ರೆ ಅದು ಹೆಚ್ಚಾಗಿ ಅಡ್ಮಿಟ್ ಆದಾಗಿನ ಖರ್ಚಿಗೆ, ತಿಂಗಳ ಮಾತ್ರೆಗೆ ಅದನ್ನೇ ನಂಬ್ಕೊಂಡು ಕೂರ್ಬೇಡಿ. ಯಾವ್ದು ಸಿಗತ್ತೆ ಯಾವ್ದು ಇಲ್ಲ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ ಕೇಳಿ, ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಇಟ್ಕೊಂಡೇ ಹೋಗಿ.

ಟ್ರೀಟ್‌ಮೆಂಟ್ ನಂಬರ್ ನೋಡಿ ಕೊಡೋದಲ್ಲ, ನಿಮಗೆ ರಕ್ತ ಹೆಪ್ಪುಗಟ್ಟೋ ರಿಸ್ಕ್ ಎಷ್ಟಿದೆ ಅಂತ ನೋಡಿ ಕೊಡೋದು. ಇದು ತಲೇಲಿ ಕೂತ್ರೆ ಅರ್ಧ ಟೆನ್ಷನ್ ಹೋದಂಗೆ. ವಯಸ್ಸು 60 ದಾಟಿದ್ಯಾ, ಮುಂಚೆ ಯಾವಾಗ್ಲಾದ್ರೂ ಸ್ಟ್ರೋಕ್, ಹಾರ್ಟ್ ಅಟ್ಯಾಕ್, ಕಾಲಲ್ಲಿ ಹೆಪ್ಪು ಆಗಿದ್ಯಾ, ಜ್ಯಾಕ್-2 ಪಾಸಿಟಿವ್ ಇದ್ಯಾ, ಬಿಪಿ ಶುಗರ್ ಬೀಡಿ ಸಿಗರೇಟ್ ಇದ್ಯಾ. ಹಾಗಾಗಿ 9 ಲಕ್ಷ ಇರೋ 30ರ ಹುಡುಗನಿಗೆ ಬರೀ ಹೆಪ್ಪುಗಟ್ಟೋದನ್ನ ತಡೆಯೋ ಆಸ್ಪಿರಿನ್ 75 ಕೊಟ್ಟು, ಕೆಲವೊಮ್ಮೆ ಅದನ್ನೂ ಕೊಡ್ದೆ, ನೋಡೋಣ ಅಂತಾರೆ, 6 ಲಕ್ಷ ಇರೋ 68ರ ಅಜ್ಜಿಗೆ ಪ್ಲೇಟ್‌ಲೆಟ್ ಇಳಿಸೋ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರು ಮಾಡ್ತಾರೆ. ಡಾಕ್ಟ್ರು ತಾರತಮ್ಯ ಮಾಡಿದ್ರು ಅನ್ಕೋಬೇಡಿ. ಪ್ಲೇಟ್‌ಲೆಟ್ ತೀರಾ ಜಾಸ್ತಿ ಇದ್ದಾಗ ಆಸ್ಪಿರಿನ್ ರಕ್ತಸ್ರಾವ ತರಬಹುದು, ಅದಕ್ಕೇ ಮೆಡಿಕಲ್ ಶಾಪಲ್ಲಿ ನೀವೇ ತಗೊಂಡು ನುಂಗೋದು ಬೇಡ. ಹೈಡ್ರಾಕ್ಸಿಯೂರಿಯಾ ಆಗ್ಬರ್ದೇ ಇರೋರಿಗೆ ಅನಾಗ್ರಲೈಡ್, ಇಂಟರ್‌ಫೆರಾನ್ ಇಂಜೆಕ್ಷನ್ ಇವೆ.

ಅಂಗಾಲು ಉರಿ ಬಗ್ಗೆ ಹೇಳ್ಲೇಬೇಕು. ರಾತ್ರಿ ಅಂಗಾಲು, ಬೆರಳು ಕೆಂಪಗಾಗಿ ಬೆಂಕಿ ಇಟ್ಟಂಗೆ ಉರಿಯತ್ತೆ, ಹೊದಿಕೆ ತಾಕಿದ್ರೂ ಆಗಲ್ಲ, ಎದ್ದು ಹೋಗಿ ತಣ್ಣಗಿರೋ ನೆಲಕ್ಕೆ ಪಾದ ಒತ್ತಿ ನಿಂತ್ಕೊಳ್ಳೋಣ ಅನ್ಸತ್ತೆ. ಮನೇಲಿ ಅವ್ವ "ಉಷ್ಣ ಆಗೇತಿ" ಅಂತ ಹರಳೆಣ್ಣೆ ತಿಕ್ತಾರೆ. ತಿಕ್ಲಿ, ತಪ್ಪೇನಿಲ್ಲ, ಆದ್ರೆ ಇದು ಸಣ್ಣ ಸಣ್ಣ ರಕ್ತನಾಳದಲ್ಲಿ ಪ್ಲೇಟ್‌ಲೆಟ್ ಮಾಡೋ ಕಿತಾಪತಿ ಆಗಿರಬಹುದು, ಇಟಿ ಇರೋರಿಗೆ ಆಸ್ಪಿರಿನ್ ಕೊಟ್ಟಾಗ ಎಷ್ಟೋ ಸಲ ಬೇಗ ಇಳಿಯತ್ತೆ. ತಲೆನೋವು, ತಲೆ ಸುತ್ತು, ಕಣ್ಣ ಮುಂದೆ ಮಿಂಚಿದಂಗಾಗೋದು, ಬೆರಳು ಜೋಮು ಹಿಡಿಯೋದು, ಸುಸ್ತು, ಇದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರ್ದಿಟ್ಕೊಂಡು ಡಾಕ್ಟ್ರಿಗೆ ತೋರ್ಸಿ. ಓಪಿಡಿಯಲ್ಲಿ ಕೂತಾಗ ಬಾಯಿಗೆ ಒಂದೂ ಬರಲ್ಲ.

ಹೈಡ್ರಾಕ್ಸಿಯೂರಿಯಾ ಶುರುವಾದ್ರೆ ಮೊದ್ಮೊದ್ಲು ವಾರಕ್ಕೋ ಎರಡು ವಾರಕ್ಕೋ ಸಿಬಿಸಿ, ಆಮೇಲೆ ತಿಂಗಳಿಗೆ, ಹೊಂದ್ಕೊಂಡ್ರೆ ಎರಡು ಮೂರು ತಿಂಗಳಿಗೊಂದ್ಸಲ. ಬಿಳಿ ರಕ್ತಕಣ ಇಳಿದುಬಿಡ್ತಾ ಅಂತಾನೂ ನೋಡ್ಬೇಕು, ಬರೀ ಪ್ಲೇಟ್‌ಲೆಟ್ ಅಲ್ಲ. ಕ್ಯಾಪ್ಸೂಲ್ ಒಡೆದು ಪುಡಿ ಮಾಡ್ಬೇಡಿ, ಬೇರೆಯೋರು ಬರಿಗೈಲಿ ಮುಟ್ಟೋದು ಬೇಡ, ಅದರಲ್ಲೂ ಬಸುರಿ ಹೆಂಗಸ್ರು. ಕೆಲವ್ರಿಗೆ ಬಾಯಿ ಹುಣ್ಣಾಗತ್ತೆ, ಉಗುರಲ್ಲಿ ಕಪ್ಪು ಗೆರೆ ಬರತ್ತೆ, ಪಾದದ ಕೀಲಿನ ಹತ್ರ ಒಣಗದೇ ಇರೋ ಹುಣ್ಣು ಬಂದ್ರೆ ಮಾತ್ರ ತಡ ಮಾಡ್ದೆ ತೋರ್ಸಿ. ಬಿಸಿಲಿಗೆ ಚರ್ಮ ಬೇಗ ಹಾಳಾಗತ್ತೆ, ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ಜಗಳೂರು ಚಳ್ಳಕೆರೆ ಕಡೆ ಹೊಲಕ್ಕೆ ಹೋಗೋರು ತುಂಬು ತೋಳಿನ ಅಂಗಿ, ತಲೆಗೆ ಟವೆಲ್ ಬಿಡ್ಬೇಡಿ, ನೀರು ಚೆನ್ನಾಗಿ ಕುಡೀರಿ. ಮಗು ಬೇಕು ಅನ್ನೋರು ಗಂಡ ಹೆಂಡ್ತಿ ಯಾರೇ ಈ ಮಾತ್ರೆ ತಗೋತಿದ್ರೂ ಮೊದ್ಲೇ ಡಾಕ್ಟ್ರಿಗೆ ಹೇಳಿ, ಗರ್ಭಿಣಿಯರಿಗೆ ಇದು ಆಗಲ್ಲ, ಬೇಕಾದ್ರೆ ಇಂಟರ್‌ಫೆರಾನ್‌ಗೆ ಬದಲಾಯಿಸ್ತಾರೆ.

ಊಟದಲ್ಲಿ ಪ್ಲೇಟ್‌ಲೆಟ್ ಇಳಿಸೋ ಪದಾರ್ಥ ಅಂತ ಯಾವ್ದೂ ಇಲ್ಲ, ಯಾರು ಏನೇ ಪುಡಿ ಕಷಾಯ ಮಾರಿದ್ರೂ. ಬೆಣ್ಣೆ ದೋಸೆ ಬಿಡ್ಬೇಕಾ ಅಂತ ಕೇಳ್ತಾರೆ. ಪ್ಲೇಟ್‌ಲೆಟ್‌ಗೂ ಬೆಣ್ಣೆಗೂ ಸಂಬಂಧ ಇಲ್ಲ, ಕೊಲೆಸ್ಟ್ರಾಲ್‌ಗೆ ಇದೆ, ರಕ್ತನಾಳ ಕೆಟ್ರೆ ನಮಗೆ ಡಬಲ್ ರಿಸ್ಕು, ಹಾಗಾಗಿ ಯಾವಾಗ್ಲಾದ್ರೂ ಒಂದು ತಿನ್ನಿ. ಬೀಡಿ ಸಿಗರೇಟ್ ಮಾತ್ರ ಪೂರ್ತಿ ಬಂದ್.

ಇನ್ನು ಜ್ವರ ಬಂದ್ರೆ. ಆಸ್ಪಿರಿನ್ ತಗೊಳ್ಳೋ ವಿಷ್ಯ ಮೊದಲ ಮಾತಲ್ಲೇ ಹೇಳಿ, ಡೆಂಗ್ಯೂ ಅನುಮಾನ ಇದ್ರೆ ಅದನ್ನ ನಿಲ್ಲಿಸಬೇಕಾಗತ್ತೆ, ಹೈಡ್ರಾಕ್ಸಿಯೂರಿಯಾ ಮುಂದುವರ್ಸೋದಾ ಅಂತಾನೂ ಕೇಳಿ. ಇನ್ನೊಂದು ಸೂಕ್ಷ್ಮ ಇದೆ, ಯಾವಾಗ್ಲೂ 8 ಲಕ್ಷ ಇರೋ ಮನುಷ್ಯನಿಗೆ ಜ್ವರದಲ್ಲಿ 2 ಲಕ್ಷ ಬಂದ್ರೆ ಲ್ಯಾಬ್‌ನವ್ರು ನಾರ್ಮಲ್ ಅಂತ ಕೊಡ್ತಾರೆ, ಆದ್ರೆ ಅವನಿಗೆ ಅದು ಭಾರಿ ಇಳಿತ. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ತೋರ್ಸಿದ್ರೆ ಮಾತ್ರ ಡಾಕ್ಟ್ರಿಗೆ ಗೊತ್ತಾಗೋದು. ಹಾಗೇ ಪೊಟ್ಯಾಶಿಯಂ ಜಾಸ್ತಿ ಅಂತ ರಿಪೋರ್ಟ್ ಬಂದು ಎಲ್ರೂ ಗಾಬರಿ ಆದ್ರೆ ನಿಮ್ಮ ಪ್ಲೇಟ್‌ಲೆಟ್ ವಿಷ್ಯ ನೆನಪಿಸಿ, ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟೋವಾಗ ಪ್ಲೇಟ್‌ಲೆಟ್‌ನಿಂದ ಪೊಟ್ಯಾಶಿಯಂ ಹೊರಗೆ ಬಂದು ಸುಳ್ಳು ಏರಿಕೆ ತೋರ್ಸತ್ತೆ, ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಟ್ಯೂಬಲ್ಲಿ ತಗೊಂಡು ಇನ್ನೊಂದ್ಸಲ ನೋಡಿದ್ರೆ ನಿಜ ಗೊತ್ತಾಗತ್ತೆ. ಮೈಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್ ಆಸ್ಪಿರಿನ್ ಜೊತೆ ನುಂಗ್ಬೇಡಿ. ಹಲ್ಲು ಕೀಳ್ಸೋಕೂ ಆಪರೇಷನ್‌ಗೂ ಮುಂಚೆ ಆಸ್ಪಿರಿನ್ ನಿಲ್ಲಿಸೋದಾ, ಎಷ್ಟು ದಿನ ಅಂತ ರಕ್ತದ ಡಾಕ್ಟ್ರನ್ನ ಕೇಳಿ.

ಬಾಯಿ ಒಂದು ಕಡೆ ಸೊಟ್ಟ ಆಯ್ತು, ಒಂದು ಕೈ ಎತ್ತೋಕೆ ಆಗ್ತಿಲ್ಲ, ಮಾತು ತೊದಲ್ತಿದೆ, ಎದೆ ಹಿಂಡ್ತಿದೆ, ಇದ್ದಕ್ಕಿದ್ದಂಗೆ ಉಸಿರಾಡೋಕೆ ಕಷ್ಟ, ಒಂದೇ ಕಾಲು ಊದ್ಕೊಂಡು ನೋವು, ವಿಪರೀತ ಹೊಟ್ಟೆ ನೋವು, ಇದ್ರಲ್ಲಿ ಯಾವ್ದೇ ಆದ್ರೂ ಬೆಳಗಾಗ್ಲಿ ನೋಡೋಣ ಅನ್ನೋ ಹಾಗಿಲ್ಲ, 108ಕ್ಕೆ ಫೋನ್ ಮಾಡಿ. ಸ್ಟ್ರೋಕ್ ಆದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋದು ನಾಲ್ಕೂವರೆ ಗಂಟೆ, ಅದೂ ಸಿಟಿ ಸ್ಕ್ಯಾನ್ ಆದ್ಮೇಲೆನೇ, ಹಾಗಾಗಿ ಸ್ಕ್ಯಾನ್ ಇಲ್ಲದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಟೈಮ್ ಕಳೀಬೇಡಿ. ಹಳ್ಳಿಯಲ್ಲಿರೋರು ಯಾವ ಊರಿಗೆ ಓಡ್ಬೇಕು ಅಂತ ಈಗ್ಲೇ ಮಾತಾಡಿಟ್ಕೊಳಿ, ಮೊಳಕಾಲ್ಮೂರು ಕಡೆಯವ್ರಿಗೆ ದುರ್ಗಕ್ಕಿಂತ ಬಳ್ಳಾರಿ ಹತ್ರ, ಹರಿಹರದವ್ರಿಗೆ ದಾವಣಗೆರೆ. ಕಾಯಿಲೆ ಹೆಸ್ರು, ನುಂಗ್ತಿರೋ ಮಾತ್ರೆ, ಕೊನೇ ಸಿಬಿಸಿ, ಇವಿಷ್ಟರ ಫೋಟೋ ನಿಮ್ಮ ಫೋನಲ್ಲಿ ಅಲ್ಲ, ಮನೇಲಿ ಜೊತೆಗಿರೋರ ಫೋನಲ್ಲಿ ಇರ್ಲಿ, ಆಸ್ಪತ್ರೆ ಬಾಗ್ಲಲ್ಲಿ ಮಾತಾಡ್ಬೇಕಾಗಿರೋದು ಅವ್ರೇ.